ಹೊಸ ಸಿಟಿಲಿ ಒಬ್ಬನೇ ಜನಪದ ಹಾಡ್ತೀನಿ, ಸೊಲ್ಲು ಹಿಡಿಯೋರೇ ಇಲ್ಲ. ಏನ್ ಮಾಡೋದು?

ಒಂಟಿದಮ್ಮಡಿ:
ಎಲ್ರಿಗೂ ನಮಸ್ಕಾರ. ಇಷ್ಟು ದಿನ ಬರೀ ಓದ್ಕೊಂಡಿದ್ದೆ, ಇವತ್ತೇ ಮೊದಲ್ನೇ ಸಲ ಬರೀತಿರೋದು, ಸ್ವಲ್ಪ ಉದ್ದ ಆಗುತ್ತೆ ಬೇಜಾರ್ ಮಾಡ್ಕೋಬೇಡಿ.

ಈ ಸಿಟಿಗೆ ಬಂದು ಎಂಟು ತಿಂಗಳಾಯ್ತು. ಹಗಲು ಒಂದು ಪಾರ್ಟ್‌ಟೈಮ್ ಕೆಲಸ, ಸಂಜೆ ಎಲ್ಲಾದ್ರೂ ಓಪನ್ ಮೈಕ್ ಇದ್ರೆ ಹೋಗಿ ಹಾಡ್ತೀನಿ. ಬ್ಯಾಂಡ್ ಇಲ್ಲ, ಲೇಬಲ್ ಇಲ್ಲ, ನಾನು ಮತ್ತೆ ನನ್ನ ದಮ್ಮಡಿ (ಕೈಯಲ್ಲಿ ಹಿಡ್ಕೊಂಡು ಬಡಿಯೋ ಚರ್ಮದ ವಾದ್ಯ), ಇಷ್ಟೇ ಸಂಸಾರ.

ತೊಂದ್ರೆ ಏನಪ್ಪಾ ಅಂದ್ರೆ ನಂಗೆ ಬರೋದೆಲ್ಲಾ ಸೊಲ್ಲಿನ ಹಾಡುಗಳು. ನಾನು ಒಂದ್ ಸಾಲು ಎತ್ತಿದ್ರೆ ಹಿಂದೆ ನಾಕ್ ಜನ ಸೊಲ್ಲು, ಅಂದ್ರೆ ಮತ್ತೆ ಮತ್ತೆ ಬರೋ ಪಲ್ಲವಿ, ಹಿಡೀಬೇಕು, ಆ ಗ್ಯಾಪಲ್ಲೇ ನಾನು ಉಸಿರು ಎಳ್ಕೊಳ್ಳೋದು, ಮುಂದಿನ ಸಾಲು ನೆನಪು ಮಾಡ್ಕೊಳ್ಳೋದು, ಬೆರಳು ಒದರಿಕೊಳ್ಳೋದು ಎಲ್ಲಾ. ಇಲ್ಲಿ ಆ ಜಾಗದಲ್ಲಿ ಕುರ್ಚಿ ಎಳೆಯೋ ಸದ್ದು ಕೇಳುತ್ತೆ. ಮೊದಮೊದಲು ಎರಡೂ ನಾನೇ ಹಾಡ್ದೆ, ಮೂರನೇ ಚರಣಕ್ಕೆ ಏದುಸಿರು ಬಂತು. ಆಮೇಲೆ ಸೊಲ್ಲೇ ಬಿಟ್ಟು ಬರೀ ಚರಣ ಹಾಡ್ದೆ, ಹಾಡು ಬೋಳುಬೋಳಾಯ್ತು.

ಹೋದ್ವಾರ ಇನ್ನೊಂದು ಅವಾಂತರ. ಎಸಿ ಹಾಲ್, ಮುಕ್ಕಾಲು ಗಂಟೆ ನನ್ನ ಸರದಿಗೆ ಕಾದು ಸ್ಟೇಜ್ ಹತ್ತಿ ಒಂದ್ ಪೆಟ್ಟು ಹಾಕಿದ್ರೆ ದಮ್ಮಡಿ ಟಿಣ್ ಟಿಣ್ ಅಂತಿದೆ, ತಗಡು ಬಡಿದಂಗೆ! ಗಂಟಲು ಒಂದ್ ಕಡೆ ವಾದ್ಯ ಒಂದ್ ಕಡೆ. ಇಳಿದ್ಮೇಲೆ ಆರ್ಗನೈಸರ್ ಬಂದು ಹಾಡು ಚೆನ್ನಾಗಿದೆ, ಮೂರು ನಿಮಿಷಕ್ಕೆ ಕಟ್ ಮಾಡಿ ಕೆಳಗೆ ಒಂದು ಬೀಟ್ ಹಾಕಿ ಅಂದ್ರು. ಪಕ್ಕದಲ್ಲಿದ್ದೋರು ಇದು ಯಾರ ಹಾಡು, ನಿಮ್ದು ಒರಿಜಿನಲ್ ಯಾವ್ದೂ ಇಲ್ವಾ ಅಂದ್ರು. ಯಾರದ್ದು ಅಂತ ಹೇಳ್ಲಿ? ನಮ್ಮಜ್ಜಿ ಹತ್ರ ಕಲ್ತಿದ್ದು, ಅವ್ರು ಯಾರ ಹತ್ರ ಕಲ್ತ್ರೋ.

ಕಟ್ ಮಾಡ್ಲಾ ಬೇಡ್ವಾ? ರೆಕಾರ್ಡ್ ಮಾಡಿ ಆನ್‌ಲೈನ್ ಹಾಕೋವಾಗ ಯಾರ ಹೆಸ್ರು ಹಾಕ್ಬೇಕು? ಸೊಲ್ಲಿಗೆ ಏನಾದ್ರೂ ದಾರಿ ಇದೆಯಾ?

ಫೇಡರ್‌ಮಾಮ:
ದಮ್ಮಡಿ ವಿಷ್ಯ ಮೊದ್ಲು ಮುಗಿಸ್ತೀನಿ, ನಾನು ಸೌಂಡ್ ಕಡೆಯವನು. ಚರ್ಮ ಗಾಳೀಲಿರೋ ತೇವ ಕುಡಿಯುತ್ತೆ, ತೇವ ಜಾಸ್ತಿಯಾದ್ರೆ ಸಡಿಲ ಆಗಿ ದನಿ ಕೆಳಗಿಳಿಯುತ್ತೆ, ಅದಕ್ಕೇ ತಾನೆ ಬೆಂಕೀಲಿ ಕಾಯಿಸೋದು. ಎಸಿ ಗಾಳಿಯನ್ನ ಒಣಗಿಸುತ್ತೆ, ಅಂದ್ರೆ ನೀನು ಕೂತಲ್ಲೇ ಅದು ನಿನ್ನ ದಮ್ಮಡಿನ ಬಿಟ್ಟೂಬಿಡದೆ ಕಾಯಿಸ್ತಾ ಇತ್ತು. ಸರದಿ ಬರೋವರ್ಗೂ ಚೀಲದಿಂದ ತೆಗೀಬೇಡ, ದನಿ ತೀರಾ ಏರಿದ್ರೆ ಒದ್ದೆ ಬಟ್ಟೆ ಹಿಂಡಿ ಚರ್ಮದ ಒಳಮೈಗೆ ಒಂದ್ಸಲ ಸವರು, ಎರಡು ನಿಮಿಷ ಬಿಡು. ಜಾಸ್ತಿ ಒರೆಸಿದ್ರೆ ಸತ್ತೇ ಹೋಗುತ್ತೆ, ಹುಷಾರು. 1950ರ ದಶಕದಿಂದ ಚರ್ಮದ ಬದ್ಲು ಪ್ಲಾಸ್ಟಿಕ್ ಹಾಳೆ ಬಂದಿದೆ, ಅದು ಮಳೆಗೂ ಎಸಿಗೂ ಕ್ಯಾರೇ ಅನ್ನಲ್ಲ, ಆದ್ರೆ ಆ ಗುಂಯ್ ಅನ್ನೋ ತಳದ ದನಿ ಬರಲ್ಲ, ನಂಗಂತೂ ಇಷ್ಟ ಇಲ್ಲ.

ಇನ್ನು ಮೂರು ನಿಮಿಷ. ಅದೇನು ಸಂಗೀತದ ಶಾಸ್ತ್ರ ಅಲ್ಲ ಗುರು. ಹಳೇ ಗ್ರಾಮಫೋನಿನ 78 ಆರ್‌ಪಿಎಂ (ನಿಮಿಷಕ್ಕೆ 78 ಸುತ್ತು), 10 ಇಂಚಿನ ಪ್ಲೇಟಲ್ಲಿ ಒಂದು ಬದಿಗೆ ಸುಮಾರು 3 ನಿಮಿಷ ಹಿಡೀತಿತ್ತು, ಪ್ಲೇಟ್ ಹೋದ್ರೂ ಅಳತೆ ಉಳ್ಕೊಂಡಿದೆ ಅಷ್ಟೇ. ಆದ್ರೂ ಸ್ಲಾಟ್ ಕೊಡೋರು ಅವ್ರು. ನಿಂಗೆ ಸಿಕ್ಕಿರೋದು ಹತ್ತು ನಿಮಿಷ ಅಂದ್ರೆ ಮೂರು ಹಾಡು ತುರುಕಬೇಡ, ಒಂದೇ ಹಾಡು ಪೂರ್ತಿ ಹಾಡು.

ಲೂಪಿಂಗ್ ಲೋಕಿ:
ಬ್ರೋ ಸಿಂಪಲ್, ಲೂಪ್ ಪೆಡಲ್ ತಗೋ, ಹಾಡಿದ್ದನ್ನ ಹಿಡ್ಕೊಂಡು ತಿರುಗಿ ತಿರುಗಿ ಕೇಳಿಸೋ ಡಬ್ಬಿ. ಸೊಲ್ಲು ನೀನೇ ಒಂದ್ಸಲ ಹಾಡಿ ಕಾಲಲ್ಲಿ ಒತ್ತು, ಅದರ ಮೇಲೆ ಇನ್ನೆರಡು ದನಿ ಹಾಕು, ನಾಕು ಜನ ರೆಡಿ. ಯಾರ ಮರ್ಜಿಗೂ ಕಾಯೋದು ಬೇಡ.

ಸೊಲ್ಲಕ್ಕ:
ಲೋಕಿ, ನಾನು ಎರಡು ವರ್ಷ ಪೆಡಲ್ ಇಟ್ಕೊಂಡೇ ಹಾಡಿದೀನಿ ಕಣೋ. ಅದರಲ್ಲಿ ಹಾಡಿನ ವೇಗ ಗೂಟ ಹೊಡೆದಂಗೆ ನಿಂತ್ಬಿಡುತ್ತೆ. ಸೊಲ್ಲಿನ ಹಾಡು ಶುರುವಲ್ಲಿ ನಡಿಗೆ, ನಡುವೆ ಓಟ, ಕೊನೇಲಿ ಕುಣಿತ, ಹಾಡೋರು ಏರಿಸ್ದಂಗೆ ಹಿಂದಿನೋರೂ ಏರ್ತಾರೆ, ಪೆಡಲ್ ಏರಲ್ಲ. ಬೇರೆ ಥರದ ಸಂಗೀತಕ್ಕೆ ಒಳ್ಳೇದೇ, ಇದಕ್ಕೆ ಬೇಡ.

ತಮ್ಮಾ, ನಾನು ಬೇರೆ ಊರಿಗೆ ಬಂದಾಗ ನಂದೂ ಇದೇ ಗೋಳು. ಎಲ್ರೂ ನನ್ ಜೊತೆ ಹಾಡಿ ಅಂತ ಮೈಕಲ್ಲಿ ಕೂಗ್ತಿದ್ದೆ, ಅಂದ ತಕ್ಷಣ ಎಲ್ರೂ ಮೊಬೈಲ್ ನೋಡ್ಕೊಳ್ಳೋರು. ಆಮೇಲೆ ಕೇಳೋದೇ ಬಿಟ್ಟೆ. ಎರಡೇ ಮಾತಿರೋ ಸೊಲ್ಲು ಆರಿಸ್ಕೋ, ಅರ್ಥ ಇಲ್ಲದ ತಂದಾನ ಥರದ್ದಾದ್ರೆ ಇನ್ನೂ ಒಳ್ಳೇದು, ಯಾಕಂದ್ರೆ ಭಾಷೆ ಬರದವ್ರಿಗೂ ಬಾಯಿಗೆ ಬರುತ್ತೆ. ಮೊದಲ ಮೂರು ಚರಣಕ್ಕೆ ನೀನೇ ಹಾಡು. ನಾಕನೇದಕ್ಕೆ ಸೊಲ್ಲಿನ ಜಾಗದಲ್ಲಿ ಬಾಯಿ ಮುಚ್ಚು, ಕೈ ಮಾತ್ರ ಆಡ್ತಿರ್ಲಿ. ಮೈಕಿಂದ ಒಂದು ಹೆಜ್ಜೆ ಹಿಂದೆ ಸರಿ. ಕಷ್ಟ ಇರೋದು ಇಲ್ಲೇ, ಆ ನಾಕು ಸೆಕೆಂಡ್ ನಾಕು ವರ್ಷ ಅನ್ಸುತ್ತೆ, ಹೆದರಿ ನೀನೇ ತುಂಬಿಸ್ಬಿಟ್ರೆ ಕೆಡ್ತು. ನಂಗೆ ಮೊದಲ್ನೇ ಸಲ ಒಬ್ಳು ಹುಡುಗಿ, ಚೀಲದಲ್ಲಿ ಏನೋ ಹುಡುಕ್ತಾ ತಲೆ ಎತ್ತದೇನೆ ಗುನುಗಿದ್ಳು. ಅಷ್ಟು ಸಾಕಿತ್ತು.

ಒರಿಜಿನಲ್ ಅನ್ನೋರ ಮಾತಿಗೆ ತಲೆ ಕೆಡಿಸ್ಕೋಬೇಡ. ಅಮೆರಿಕದ ಹಾಡುಗಾರ ಬಾಬ್ ಡಿಲನ್ 1961ರಲ್ಲಿ ನ್ಯೂಯಾರ್ಕಿಗೆ ಬಂದು ಕೆಫೆಗಳಲ್ಲಿ ಬುಟ್ಟಿಗೆ ಬಿದ್ದ ಚಿಲ್ಲರೆಗೆ ಹಾಡ್ತಿದ್ದ ಕಾಲದಲ್ಲಿ ಅವನ ಬಾಯಲ್ಲಿ ಇದ್ದಿದ್ದೂ ಹೆಚ್ಚಾಗಿ ಹಿಂದಿನವರ ಹಾಡೇ. 1962ರಲ್ಲಿ ಬಂದ ಮೊದಲ ಆಲ್ಬಮ್ಮಿನ 13 ಹಾಡಲ್ಲಿ ಸ್ವಂತದ್ದು ಎರಡೇ ಎರಡು.

ರಾಯಲ್ಟಿರಗಳೆ:
ಹೆಸ್ರಿನ ವಿಷ್ಯಕ್ಕೆ ಬರ್ತೀನಿ, ಇದ್ರಲ್ಲಿ ಕೈ ಸುಟ್ಕೊಂಡಿದೀನಿ. ಹಾಡು ನಿಜಕ್ಕೂ ಹಳೇದಾಗಿ ಕಟ್ಟಿದೋರು ಗೊತ್ತಿಲ್ಲ ಅಂದ್ರೆ ಕಂಪೋಸರ್ ಕಾಲಂಗೆ ನಿನ್ ಹೆಸ್ರು ಹಾಕ್ಬೇಡ, ಟ್ರೆಡಿಷನಲ್ ಅಂತ ಹಾಕು, ಅರೇಂಜ್‌ಮೆಂಟ್ (ಹಾಡನ್ನ ಹೊಂದಿಸಿದೋರು) ಅಂತ ನಿನ್ ಹೆಸ್ರು. ನೀನು ಮಾಡಿಸಿದ ರೆಕಾರ್ಡಿಂಗ್ ನಿಂದೇ. ಅಜ್ಜಿ ಹೆಸ್ರನ್ನ ವಿವರಣೆಲಿ ಬರಿ, ಅದು ಕಾನೂನಿಗಲ್ಲ, ಋಣಕ್ಕೆ. ಅದೇ ಧಾಟಿನ ಬೇರೆ ಯಾರೋ ರೆಕಾರ್ಡ್ ಮಾಡಿದ್ರೆ ಯೂಟ್ಯೂಬಿನ ಯಂತ್ರ ನಿಂದನ್ನ ಅವ್ರದ್ದು ಅಂತ ಕ್ಲೇಮ್ ಹಾಕೋದೂ ಉಂಟು. ಗಾಬರಿ ಬೀಳ್ದೆ ಡಿಸ್ಪ್ಯೂಟ್ ಮಾಡು.

ದುಡ್ಡಿನ ಆಸೆ ಮಾತ್ರ ಕಡಿಮೆ ಇಟ್ಕೋ. ಹಾಡು ಕೇಳೋ ಆ್ಯಪ್ ಸ್ಪಾಟಿಫೈಲಿ 30 ಸೆಕೆಂಡ್ ಕೇಳಿದ್ರೆ ಒಂದು ಸ್ಟ್ರೀಮ್ ಲೆಕ್ಕ, ನಿನ್ ಹಾಡು ಮೂರು ನಿಮಿಷ ಇರ್ಲಿ ಇಪ್ಪತ್ತು ನಿಮಿಷ ಇರ್ಲಿ ಅದು ಒಂದೇ. 2024ರಿಂದ ಒಂದು ಹಾಡಿಗೆ ಹಿಂದಿನ 12 ತಿಂಗಳಲ್ಲಿ 1,000 ಸ್ಟ್ರೀಮ್ ಆಗದಿದ್ರೆ ಆ ಹಾಡಿಗೆ ಅಲ್ಲಿಂದ ಕಾಸೇ ಹುಟ್ಟಲ್ಲ. ನಂದು 640ಕ್ಕೆ ನಿಂತಿದೆ, ಅದ್ರಲ್ಲಿ ಅರ್ಧ ನಮ್ಮಮ್ಮಂದೇ ಇರ್ಬೇಕು.

ಒಂಟಿದಮ್ಮಡಿ:
ಥ್ಯಾಂಕ್ಸ್ ಎಲ್ರಿಗೂ, ರಗಳೆ ಅವ್ರ ಅಮ್ಮಂಗೆ ಸ್ಪೆಷಲ್ಲಾಗಿ. ನಿನ್ನೆ ಅಕ್ಕ ಹೇಳ್ದಂಗೇ ಮಾಡ್ದೆ. ದಮ್ಮಡಿ ಚೀಲದಲ್ಲೇ ಇತ್ತು, ದನಿ ಸರಿಯಾಗೇ ಇತ್ತು. ನಾಕನೇ ಚರಣಕ್ಕೆ ಬಾಯಿ ಮುಚ್ಚಿ ಹಿಂದೆ ಸರಿದೆ. ಏನೂ ಇಲ್ಲ. ಐದನೇದಕ್ಕೂ ಏನೂ ಇಲ್ಲ, ಬೆನ್ನಲ್ಲಿ ಬೆವರು ಇಳೀತಿತ್ತು. ಆರನೇದಕ್ಕೆ ಎಲ್ಲಿಂದ ಬಂತು ಅಂದ್ರೆ ಸೌಂಡ್ ಬೋರ್ಡ್ ಹಿಂದಿಂದ! ಅಲ್ಲಿ ಕೂತಿದ್ದ ಹುಡುಗ, ಶ್ರುತಿ ಎತ್ಲಾಗೋ, ದನಿ ಒಡಕು, ಆದ್ರೆ ಜಾಗ ಮಾತ್ರ ಕರೆಕ್ಟಾಗಿ ಹಿಡ್ದ. ಅವನ ಮುಂದಿನ ಟೇಬಲ್ಲಿನ ಇಬ್ರು ನಗಾಡ್ಕೊಂಡೇ ಸೇರ್ಕೊಂಡ್ರು. ಹಾಡು ಏಳು ನಿಮಿಷ ಆಯ್ತು, ಆರ್ಗನೈಸರ್ ಗಡಿಯಾರ ತೋರಿಸ್ತಿದ್ರು, ನೋಡದವನಂಗೆ ಇದ್ದೆ.

ಹೊರಡೋವಾಗ ಆ ಹುಡುಗನ್ನ ಬರೋವಾರ ಯಾವ್ಯಾವ ದಿನ ಡ್ಯೂಟಿ ಅಂತ ಕೇಳಿ ಬರ್ಕೊಂಡು ಬಂದಿದೀನಿ.