ಅಡಿಕೆ ಮಂಡಿಯಿಂದ ವೆಬ್ ಡೆವಲಪ್‌ಮೆಂಟ್‌ಗೆ: ಕೋರ್ಸಿಗೆ ದುಡ್ಡು ಕಟ್ಟಲಾ, ಬೇಡವಾ?

ಮಂಡಿ_ಗುಮಾಸ್ತ:
ನಮಸ್ಕಾರ. ಬಿ.ಕಾಂ. ಮುಗಿಸಿ ಶಿವಮೊಗ್ಗದ ಒಂದು ಅಡಿಕೆ ಮಂಡಿಯಲ್ಲಿ ಲೆಕ್ಕ ಬರೀತಿದ್ದೀನಿ, ಟ್ಯಾಲಿಯಲ್ಲಿ. ರಾತ್ರಿ ಊಟ ಆದ್ಮೇಲೆ ಕೂತು ಫ್ರೀಕೋಡ್‌ಕ್ಯಾಂಪ್ ಅನ್ನೋ ಪುಕ್ಕಟೆ ಸೈಟಿನಲ್ಲಿ ವೆಬ್ ಪುಟ ಮಾಡೋಕೆ ಬೇಕಾದ ಎಚ್‌ಟಿಎಂಎಲ್, ಸಿಎಸ್‌ಎಸ್, ಜಾವಾಸ್ಕ್ರಿಪ್ಟ್ ಕಲಿತೆ. ಈಗ ರಿಯಾಕ್ಟ್ (ಜಾವಾಸ್ಕ್ರಿಪ್ಟ್‌ನಲ್ಲಿ ವೆಬ್ ಪುಟ ಕಟ್ಟೋ ಲೈಬ್ರರಿ) ನಡೀತಿದೆ. ಟು-ಡು ಲಿಸ್ಟ್, ಹವಾಮಾನ ತೋರಿಸೋ ಆ್ಯಪ್, ಕ್ಯಾಲ್ಕುಲೇಟರ್ ಮಾಡಿ ಗಿಟ್‌ಹಬ್‌ನಲ್ಲಿ (ಕೋಡ್ ಇಡೋ ಸೈಟು) ಹಾಕಿದ್ದೀನಿ. ಎಲ್ಲಿ ಅರ್ಜಿ ಹಾಕಿದ್ರೂ ಬಿ.ಇ. ಇಲ್ಲಾ ಎಂ.ಸಿ.ಎ. ಕೇಳ್ತಾರೆ, ಆಮೇಲೆ ಸುದ್ದಿಯೇ ಇಲ್ಲ. ಬೆಂಗಳೂರಿನ ಒಂದು ಸಂಸ್ಥೆಯವರು ಕೆಲಸ ಗ್ಯಾರಂಟಿ ಅಂತ ದಿನಾ ಫೋನ್ ಮಾಡ್ತಾರೆ. ಫೀಸು ಒಂದೂವರೆ ಲಕ್ಷ, ಕಂತಿನಲ್ಲಿ ಕಟ್ಟಬಹುದಂತೆ. ಅಪ್ಪ ಇರೋ ಕೆಲಸ ಬಿಡಬೇಡ ಅಂತಾರೆ. ಸೇರಲಾ?

ಫಿಲ್ಟರ್_ಕಾಫಿ:
ಕಂತು ಯಾರಿಗೆ ಕಟ್ಟೋದು ಅಂತ ಮೊದಲು ಕೇಳಿ. ಎಷ್ಟೋ ಕಡೆ ಅದು ಫೈನಾನ್ಸ್ ಕಂಪನಿ ನಿಮ್ಮ ಹೆಸರಲ್ಲಿ ಕೊಡೋ ಸಾಲ. ಸಂಸ್ಥೆ ಬಾಗಿಲು ಹಾಕಿದ್ರೂ ಇಎಂಐ ನಿಲ್ಲಲ್ಲ. ಕರಾರುಪತ್ರ ಕೈಗೆ ಬರೋವರೆಗೆ ಓಟಿಪಿ ಹೇಳಬೇಡಿ.

ಜಮಾ_ಖರ್ಚು:
ನಾನೂ ಬಿ.ಕಾಂ., ಈಗ ಮೈಸೂರಿನಲ್ಲಿ ಸಣ್ಣ ಕಂಪನಿಯಲ್ಲಿ ಡೆವಲಪರ್. ಹೊಸಬರ ಸಂದರ್ಶನಕ್ಕೂ ಕೂರ್ತೀನಿ. ಟು-ಡು ಲಿಸ್ಟ್, ಹವಾಮಾನದ ಆ್ಯಪ್ ನೋಡಿ ನೋಡಿ ಸಾಕಾಗಿದೆ, ಬೇಜಾರು ಮಾಡ್ಕೋಬೇಡಿ. ನೀವು ಮಂಡಿಯಲ್ಲಿ ಕೂತಿದ್ದೀರಿ ಮಾರಾಯ್ರೇ! ರಾಶಿ, ಬೆಟ್ಟೆ, ಸರಕು, ಗೊರಬಲು ಅಂತ ಅಡಿಕೆಯ ಒಂದೊಂದು ಬಗೆಗೂ ಬೇರೆ ಬೇರೆ ಧಾರಣೆ, ತೂಕ ಕೆಜಿಯಲ್ಲಿ, ದರ ಕ್ವಿಂಟಾಲಿಗೆ, ರೈತ ಮೊದಲೇ ತಗೊಂಡ ಮುಂಗಡ, ಅದರ ಮುರಿತ. ಇದನ್ನೇ ಒಂದು ವೆಬ್ ಆ್ಯಪ್ ಮಾಡಿ. ಈ ಲೆಕ್ಕ ಗೊತ್ತಿರೋ ಬಿ.ಇ. ಹುಡುಗರು ಎಷ್ಟು ಜನ ಸಿಕ್ತಾರೆ?

ಮಾಡೋವಾಗ ಸಮಸ್ಯೆಗಳು ತಾವಾಗೇ ಎದುರಾಗ್ತವೆ. ಜಾವಾಸ್ಕ್ರಿಪ್ಟ್‌ನಲ್ಲಿ 0.1ಕ್ಕೆ 0.2 ಕೂಡಿಸಿ ನೋಡಿ, 0.30000000000000004 ಬರುತ್ತೆ. ಲೆಕ್ಕದವರ ಎದೆ ಧಸಕ್ಕೆನ್ನಬೇಕು! ಆದ್ದರಿಂದ ಹಣವನ್ನ ಪೈಸೆಯಲ್ಲಿ, ತೂಕವನ್ನ ಗ್ರಾಮಿನಲ್ಲಿ ಪೂರ್ಣಾಂಕವಾಗಿ ಇಡಿ, ತೋರಿಸುವಾಗ ಮಾತ್ರ ರೂಪಾಯಿ ಮಾಡಿ. ಲಕ್ಷದ ಅಲ್ಪವಿರಾಮ ಸರಿಯಾದ ಜಾಗದಲ್ಲಿ ಬೀಳೋಕೆ ಜಾವಾಸ್ಕ್ರಿಪ್ಟ್‌ನಲ್ಲೇ ಇರೋ ಇಂಟಲ್ ನಂಬರ್‌ಫಾರ್ಮ್ಯಾಟ್‌ಗೆ (Intl.NumberFormat) ಭಾರತದ ಲೊಕೇಲ್, ಅಂದ್ರೆ ಇಲ್ಲಿನ ಬರವಣಿಗೆ ಕ್ರಮ, ಕೊಟ್ರೆ ಸಾಕು.

ಡೇಟಾನ ಬ್ರೌಸರ್ ಒಳಗಿನ ಲೋಕಲ್‌ಸ್ಟೋರೇಜ್‌ನಲ್ಲೇ ಬಿಡಬೇಡಿ. ಜಾಗ ಸುಮಾರು 5 ಎಂಬಿ, ಯಾರಾದ್ರೂ ಬ್ರೌಸರ್ ಡೇಟಾ ಅಳಿಸಿದ್ರೆ ಮುಂಗಡದ ಲೆಕ್ಕವೆಲ್ಲ ಹೋಯ್ತು. ಸರ್ವರ್ ಕಡೆಗೆ ಸ್ವಲ್ಪ ನೋಡ್ (Node), ಡೇಟಾಬೇಸ್‌ಗೆ ಸ್ವಲ್ಪ ಪೋಸ್ಟ್‌ಗ್ರೆಸ್ ಕಲಿಯೋಕೆ ಇದೇ ನೆಪ. ರಿಯಾಕ್ಟ್ ಎಲ್ಲೂ ಓಡಿಹೋಗಲ್ಲ.

ನಾನು ಕೇಳೋ ಒಂದು ಪ್ರಶ್ನೆ: ಸರ್ವರ್ 404 (ಕೇಳಿದ್ದು ಸಿಗಲಿಲ್ಲ) ಅಂದ್ರೆ, ಡೇಟಾ ತರೋ ಫೆಚ್ ತಪ್ಪು ಹಿಡಿಯೋ ಕ್ಯಾಚ್‌ಗೆ ಹೋಗುತ್ತಾ? ಹೋಗಲ್ಲ. ನೆಟ್‌ವರ್ಕೇ ಕೈಕೊಟ್ರೆ ಹೋಗುತ್ತೆ, ಮಿಕ್ಕಿದ್ದಕ್ಕೆ ರೆಸ್ಪಾನ್ಸ್ ಓಕೆ ಇದೆಯಾ ಅಂತ ನೀವೇ ನೋಡಬೇಕು. ಕೋರ್ಸ್ ಸರ್ಟಿಫಿಕೇಟ್ ಇದ್ದವರೇ ಇಲ್ಲಿ ತಡವರಿಸ್ತಾರೆ. ಎಂಡಿಎನ್ (ವೆಬ್ ತಂತ್ರಜ್ಞಾನದ ಕೈಪಿಡಿ ಸೈಟು) ಓದಿದವರು ಹೇಳ್ತಾರೆ, ಅದು ಪುಕ್ಕಟೆ.

ಅಪ್ಪ ಹೇಳಿದ್ದು ಸರಿ. ಆಫರ್ ಲೆಟರ್ ಬರೋವರೆಗೆ ಮಂಡಿ ಬಿಡಬೇಡಿ. ದೊಡ್ಡ ಕಂಪನಿಗಳ ಪೋರ್ಟಲ್‌ನಲ್ಲಿ ಡಿಗ್ರಿ ನೋಡಿಯೇ ಜರಡಿ ಹಿಡೀತಾರೆ, ಅಲ್ಲಿ ಸಮಯ ಕಳೆಯೋದು ದಂಡ. ಬಿಲ್ಲಿಂಗ್, ಜಿಎಸ್‌ಟಿ ಸಾಫ್ಟ್‌ವೇರ್ ಮಾಡೋ ಸಣ್ಣ ಕಂಪನಿಗಳಿಗೆ ಆ್ಯಪ್‌ನ ಲಿಂಕ್ ಹಾಕಿ ನೇರವಾಗಿ ಮೇಲ್ ಮಾಡಿ. ರೆಸ್ಯೂಮೆಯಲ್ಲಿ ಫ್ರೆಶರ್ ಅಂತ ಬರೆದು ಮಂಡಿ ಕೆಲಸ ಮುಚ್ಚಿಡಬೇಡಿ, ಅದನ್ನ ಮೇಲೇ ಹಾಕಿ.

ಮಂಡಿ_ಗುಮಾಸ್ತ:
ತುಂಬಾ ಥ್ಯಾಂಕ್ಸ್ ಸರ್. ನಮ್ಮ ಸಾಹುಕಾರರಿಗೆ ತೋರಿಸಿದ್ರೆ ಬಳಸ್ತಾರೆ ಅನ್ಸುತ್ತೆ. ಟ್ಯಾಲಿಯಿಂದ ಹೋದ ವರ್ಷದ ಲೆಕ್ಕ ಎಕ್ಸೆಲ್‌ಗೆ ತೆಗೆದು ಅದನ್ನೇ ಹಾಕಿ ಟೆಸ್ಟ್ ಮಾಡಬಹುದಾ?

ಜಮಾ_ಖರ್ಚು:
ಸಾಹುಕಾರರನ್ನ ಕೇಳಿ, ಒಪ್ಪಿದ್ರೆ ನಿಮ್ಮ ಕಂಪ್ಯೂಟರ್‌ನಲ್ಲಿ ಮಾತ್ರ. ಗಿಟ್‌ಹಬ್‌ಗೆ ಖಂಡಿತ ಹಾಕಬೇಡಿ. ರೈತರ ಹೆಸರು, ಫೋನ್ ನಂಬರ್, ಯಾರಿಗೆ ಎಷ್ಟು ಸಾಲ ಅನ್ನೋದೆಲ್ಲ ಅದರಲ್ಲಿರುತ್ತೆ. ಒಮ್ಮೆ ಕಮಿಟ್ ಆದ್ಮೇಲೆ, ಅಂದ್ರೆ ಗಿಟ್‌ನಲ್ಲಿ ದಾಖಲಾದ್ಮೇಲೆ, ಫೈಲ್ ಅಳಿಸಿದ್ರೂ ಗಿಟ್‌ನ ಹಳೇ ಕಮಿಟ್‌ಗಳಲ್ಲಿ ಹಾಗೇ ಉಳಿಯುತ್ತೆ. ಎಕ್ಸೆಲ್ ಫೈಲಿನ ಹೆಸರನ್ನ ಗಿಟ್‌ಇಗ್ನೋರ್‌ಗೆ (ಗಿಟ್ ಸೇರಿಸಬಾರದ ಫೈಲುಗಳ ಪಟ್ಟಿ) ಇವತ್ತೇ ಸೇರಿಸಿ. ಹೊರಗೆ ತೋರಿಸೋ ಆ್ಯಪ್‌ಗೆ ಸುಳ್ಳು ಹೆಸರು, ಸುಳ್ಳು ಧಾರಣೆ ಸಾಕು.