ಕ್ರಿಸ್ಮಸ್ ಖರ್ಚು ಕೈಮೀರುತ್ತಿದೆ, ಮಕ್ಕಳ ಮುಖ ಸಪ್ಪಗಾಗದ ಹಾಗೆ ಕಡಿಮೆ ಮಾಡುವುದು ಹೇಗೆ?

ಸಿದ್ದಾಪುರದವಳು

ಎಲ್ಲರಿಗೂ ನಮಸ್ಕಾರ. ಕೊಡಗಿನ ಸಿದ್ದಾಪುರದ ಹತ್ತಿರ ನಮ್ಮದೊಂದು ಸಣ್ಣ ತೋಟ. ಯಜಮಾನರು ತೋಟ ನೋಡಿಕೊಳ್ಳುತ್ತಾರೆ, ನಾನು ಶಾಲೆಗೆ ಕೆಲಸಕ್ಕೆ ಹೋಗುತ್ತೇನೆ. ಡಿಸೆಂಬರ್ ಅಂದರೆ ಅರೇಬಿಕಾ ಕಾಫಿ ಕೊಯ್ಲು, ಕೈಯಲ್ಲಿ ನಾಲ್ಕು ಕಾಸು ಓಡಾಡುವ ತಿಂಗಳು. ಅದು ನಿಲ್ಲುವ ಮೊದಲೇ ಹಬ್ಬ ಬಂದು ಗುಡಿಸಿಕೊಂಡು ಹೋಗುತ್ತದೆ.

ಕುಸ್ವಾರ್ ಅನ್ನುವ ಹಬ್ಬದ ತಿಂಡಿಗಳು, ಕೇಕ್, ಹಂದಿ ಮಾಂಸ, ಇವಕ್ಕೆ ನನ್ನ ತಕರಾರಿಲ್ಲ. ತಲೆನೋವು ಗಿಫ್ಟಿನದು. ನಾದಿನಿ ಬೆಂಗಳೂರಿನಿಂದ ಬರುವಾಗ ಮಕ್ಕಳಿಗೆ ದೊಡ್ಡ ದೊಡ್ಡ ಡಬ್ಬಿ ತರುತ್ತಾಳೆ, ಪ್ರೀತಿಯಿಂದಲೇ ತರುತ್ತಾಳೆ, ಆದರೆ ನಾವೂ ಅವಳ ಮಕ್ಕಳಿಗೆ ಅಷ್ಟೇ ತೂಕದ್ದು ಕೊಡಬೇಕಲ್ವಾ. ಆಗಮನ ಕಾಲ, ಅಂದರೆ ಕ್ರಿಸ್ಮಸ್ಸಿಗೆ ತಯಾರಾಗುವ ನಾಲ್ಕು ವಾರವೂ ಫೋನಿನಲ್ಲಿ ಆಫರ್ ನೋಡುವುದರಲ್ಲೇ ಕಳೆಯುತ್ತದೆ. ಕಳೆದ ಸಲ ನಡುರಾತ್ರಿ ಪೂಜೆ ಮುಗಿದು ಬಾಲಯೇಸುವಿನ ಮೂರ್ತಿಗೆ ಮುತ್ತು ಕೊಡಲು ಸಾಲಿನಲ್ಲಿ ನಿಂತಿದ್ದಾಗ ಮಗ ನನ್ನ ಸೆರಗು ಎಳೆದು, "ಅಮ್ಮಾ, ಇದು ಬೇಗ ಮುಗಿದರೆ ಗಿಫ್ಟ್ ಬಿಚ್ಚಬಹುದಾ" ಅಂದ. ಹಿಂದೆ ನಿಂತಿದ್ದವರೆಲ್ಲ ನಕ್ಕರು. ನನಗೆ ನಗು ಬರಲಿಲ್ಲ.

ಈ ಸಲ ಬೇರೆ ಥರ ಮಾಡಬೇಕು ಅಂತಿದ್ದೇನೆ. ಮಕ್ಕಳಿಗೂ ಬೇಜಾರಾಗಬಾರದು, ನೆಂಟರೂ ಜಿಪುಣಿ ಅನ್ನಬಾರದು. ನಿಮ್ಮ ಮನೆಗಳಲ್ಲಿ ಏನು ಮಾಡುತ್ತೀರಿ?

ವಿರಾಜಪೇಟೆ ಟೀಚರ್

ಅಕ್ಕ, ನಾನು ಭಾನುವಾರ ಮಕ್ಕಳಿಗೆ ಧರ್ಮೋಪದೇಶ ಹೇಳಿಕೊಡುತ್ತೇನೆ. ಒಂದು ಹಳೇ ಪದ್ಧತಿ ಹೇಳುತ್ತೇನೆ, ಒಂದು ಪೈಸೆ ಖರ್ಚಿಲ್ಲ. ಗೋದಲಿಯನ್ನು, ಅಂದರೆ ಯೇಸು ಹುಟ್ಟಿದ ಹಟ್ಟಿಯ ಮಾದರಿಯನ್ನು, ಮೊದಲೇ ಕಟ್ಟಿ, ಆದರೆ ಬಾಲಯೇಸುವಿನ ತೊಟ್ಟಿ ಖಾಲಿ ಇರಲಿ. ಪಕ್ಕದಲ್ಲಿ ಒಂದು ಹಿಡಿ ಭತ್ತದ ಹುಲ್ಲು ಇಡಿ. ಈಗ ಗದ್ದೆ ಕೊಯ್ಲಿನ ಸಮಯ, ಹುಲ್ಲಿಗೇನು ಬರ ನಮ್ಮಲ್ಲಿ? ಯಾರಿಗೂ ಹೇಳಿಕೊಳ್ಳದೆ ಒಂದು ಒಳ್ಳೆ ಕೆಲಸ ಮಾಡಿದರೆ ಒಂದು ಎಳೆ ಹಾಕಬೇಕು. 24ರ ರಾತ್ರಿ ಮಗು ಮಲಗುವುದು ಆ ಹುಲ್ಲಿನ ಮೇಲೆ. ಹುಲ್ಲು ಕಡಿಮೆಯಾದರೆ ಮಗುವಿಗೆ ಚುಚ್ಚುತ್ತದೆ, ಅಷ್ಟೇ ಹೇಳಿ ಸುಮ್ಮನಿರಿ. ಮಕ್ಕಳು ಚೌಕಾಸಿ ಮಾಡುತ್ತಾರೆ, ಅದಕ್ಕೆ ತಯಾರಿರಿ. "ಇವತ್ತು ತಮ್ಮನಿಗೆ ಹೊಡೆಯಲಿಲ್ಲ, ಒಂದು ಎಳೆ ಹಾಕಲಾ?" ಅಂತ ಒಬ್ಬ ನನ್ನನ್ನೇ ಕೇಳಿದ್ದ. ಹಾಕು ಅಂದೆ.

ಗಿಫ್ಟ್ ವಿಷಯಕ್ಕೆ ಬಂದರೆ, ಈ ಕ್ರಿಸ್ಮಸ್ ತಾತನ ಮೂಲ ಸಂತ ನಿಕೋಲಸ್ ಅಲ್ವಾ. ನಾಲ್ಕನೇ ಶತಮಾನದಲ್ಲಿ ಮೈರಾ ಊರಿನ ಬಿಷಪ್, ಈಗ ಆ ಜಾಗ ಟರ್ಕಿಯಲ್ಲಿದೆ. ಮದುವೆಗೆ ದುಡ್ಡಿಲ್ಲದ ಮೂವರು ಹೆಣ್ಣುಮಕ್ಕಳ ಮನೆಯೊಳಗೆ ರಾತ್ರಿ ಹೊತ್ತು, ಯಾರಿಗೂ ಗೊತ್ತಾಗದ ಹಾಗೆ ಚಿನ್ನದ ಗಂಟು ಎಸೆದು ಹೋದ ಅನ್ನುವುದು ಅವನ ಕಥೆ. ಕೊಟ್ಟವನ ಹೆಸರಿಲ್ಲ, ವಾಪಸ್ ಕೊಡುವ ಲೆಕ್ಕವೂ ಇಲ್ಲ. ಅವನ ಹಬ್ಬ ಡಿಸೆಂಬರ್ 6ಕ್ಕೆ. ನಾವು ಮಕ್ಕಳಿಗೆ ಕೊಡುವುದನ್ನು ಆ ದಿನವೇ ಕೊಟ್ಟು ಮುಗಿಸುತ್ತೇವೆ. 25ಕ್ಕೆ ಪೂಜೆ, ಊಟ, ನೆಂಟರು, ಅಷ್ಟೇ.

ಇನ್ನೊಂದು ಮಾತು. ನಮ್ಮ ವಿರಾಜಪೇಟೆ ಚರ್ಚು ಶುರುವಾದದ್ದು 1792ರಲ್ಲಿ. ಟಿಪ್ಪುವಿನ ಸೆರೆಯಿಂದ ತಪ್ಪಿಸಿಕೊಂಡು ಬಂದ ಕ್ರೈಸ್ತರಿಗೆ ಕೊಡಗಿನ ಅರಸ ದೊಡ್ಡ ವೀರರಾಜೇಂದ್ರ ಜಾಗ ಕೊಟ್ಟು ನೆಲೆ ಮಾಡಿಕೊಟ್ಟ. ಛತ್ರದಲ್ಲಿ ಜಾಗ ಸಿಗದೆ, ಹುಟ್ಟಿದ ಯೇಸುವನ್ನು ದನದ ಮೇವಿನ ತೊಟ್ಟಿಯಲ್ಲಿ ಮಲಗಿಸಿದರು ಅಂತ ಬೈಬಲ್ಲಿನ ಲೂಕನ ಶುಭಸಂದೇಶ ಓದುವಾಗ ನಾನು ಮಕ್ಕಳಿಗೆ ಇದನ್ನೂ ಹೇಳುತ್ತೇನೆ. ನಮ್ಮವರಿಗೂ ಯಾರೋ ಜಾಗ ಕೊಟ್ಟರು, ಅದಕ್ಕೇ ನಾವಿದ್ದೇವೆ ಅಂತ.

ಲೈನ್‌ಮನೆ ಹುಡುಗ

ಎಲ್ಲ ಸರಿ ಟೀಚರ್, ಆದರೆ ನನಗೆ ಈ ಸರಳ ಕ್ರಿಸ್ಮಸ್ ಮಾತು ಕೇಳಿದರೆ ಸ್ವಲ್ಪ ಸಿಟ್ಟು ಬರುತ್ತದೆ. ನಾನು ಎಸ್ಟೇಟ್ ಕೂಲಿಯವರ ಲೈನ್‌ಮನೆಯಲ್ಲಿ ಬೆಳೆದವನು. ವರ್ಷಕ್ಕೊಂದೇ ಹೊಸ ಅಂಗಿ, ಅದು ಕ್ರಿಸ್ಮಸ್ಸಿಗೆ. ಅಪ್ಪ ಒಂದು ಸೈಜ್ ದೊಡ್ಡದೇ ತರುತ್ತಿದ್ದರು, ಮುಂದಿನ ವರ್ಷಕ್ಕೂ ಬರಲಿ ಅಂತ. ಕೈ ಮಡಿಸಿಕೊಂಡು ಹಾಕಿಕೊಂಡು ಪೂಜೆಗೆ ಹೋದರೆ ಆ ಹೊಸ ಬಟ್ಟೆಯ ಗಂಜಿ ವಾಸನೆಯೇ ನನಗೆ ಹಬ್ಬ. ಅದನ್ನು ಯಾರಾದರೂ ಭೋಗ, ಆಡಂಬರ ಅಂದಿದ್ದರೆ ಅಪ್ಪನಿಗೆ ಎಷ್ಟು ನೋವಾಗುತ್ತಿತ್ತು! ವರ್ಷವಿಡೀ ಎಲ್ಲ ಇರುವವರಿಗೆ ಬಿಡುವುದು ಸುಲಭ.

ಬೈಬಲ್ಲಿನಲ್ಲೇ ನೋಡಿ. ಬೆಥಾನಿಯ ಮರಿಯಳು ಯೇಸುವಿನ ಪಾದಕ್ಕೆ ಸುಗಂಧ ತೈಲ ಸುರಿದಾಗ, ಮುನ್ನೂರು ದಿನಾರಿಗೆ ಮಾರಿ ಬಡವರಿಗೆ ಕೊಡಬಹುದಿತ್ತಲ್ಲ ಅಂದವನು ಯಾರು? ಯೇಸುವನ್ನು ಹಿಡಿದುಕೊಟ್ಟ ಶಿಷ್ಯ ಯೂದ. ಮುನ್ನೂರು ದಿನಾರಿ ಅಂದರೆ ಕೂಲಿಯವನ ಹತ್ತಿರ ಹತ್ತಿರ ಒಂದು ವರ್ಷದ ದುಡಿಮೆ. ಯೇಸು ಅವಳನ್ನು ಬಿಡು ಅಂದ. ಕಾನಾ ಊರಿನ ಮದುವೆಯಲ್ಲಿ ದ್ರಾಕ್ಷಾರಸ ಕಡಿಮೆಯಾದಾಗಲೂ, ನೀರು ಕುಡಿಯಿರಿ ಅಂತ ಅವನು ಹೇಳಲಿಲ್ಲ, ನೀರನ್ನೇ ದ್ರಾಕ್ಷಾರಸ ಮಾಡಿಕೊಟ್ಟ.

ಹಾಗಾಗಿ ಅಕ್ಕ, ಮಗನಿಗೆ ಆಟದ ಕಾರೋ ಏನೋ ಒಂದು ಕೊಡಿಸಿ. ಒಂದೇ ಕೊಡಿಸಿ. ಕಡಿಮೆ ಮಾಡಬೇಕಿರುವುದು ನಾದಿನಿಯ ಜೊತೆಗಿನ ಲೇವಾದೇವಿ, ಮಗುವಿನ ಖುಷಿ ಅಲ್ಲ.

ಕರಿಮೆಣಸು

ಲೈನ್‌ಮನೆ ಹುಡುಗ ಹೇಳಿದ್ದಕ್ಕೆ ನನ್ನದೂ ಒಂದು ಸೇರಿಸುತ್ತೇನೆ. ನಾನು ಬೆಳೆಗಾರ, ಹಾಗಾಗಿ ಇದು ನಮ್ಮವರಿಗೇ ಚುಚ್ಚುವ ಮಾತು. ಡಿಸೆಂಬರಿನಲ್ಲಿ ಕಾಫಿ ಕೊಯ್ಯುವವರ ಬಟವಾಡೆ ಎಷ್ಟು ತೋಟಗಳಲ್ಲಿ ತಡವಾಗುತ್ತದೆ? ಹಣ್ಣು ಕಣದಲ್ಲಿದೆ, ಮಾರಿದ ಮೇಲೆ ಕೊಡುತ್ತೇವೆ, ಹಬ್ಬ ಕಳೆಯಲಿ ಅನ್ನುತ್ತೇವೆ. ಅದೇ ವಾರ ಪಕ್ಕದ ತೋಟದವರಿಗೆ, ಬ್ಯಾಂಕಿನವರಿಗೆ ಪ್ಲಮ್ ಕೇಕಿನ ಡಬ್ಬಿ ತಪ್ಪದೆ ಹೋಗುತ್ತದೆ! ಬೈಬಲ್ಲಿನ ಯಾಕೋಬನ ಪತ್ರದ 5ನೇ ಅಧ್ಯಾಯ ತೆಗೆದು ನೋಡಿ. ಹೊಲ ಕೊಯ್ದ ಆಳುಗಳಿಗೆ ಕೊಡದೆ ಹಿಡಿದಿಟ್ಟ ಕೂಲಿ ತಾನೇ ಕೂಗಿಕೊಳ್ಳುತ್ತದೆ ಅಂತಿದೆ. ಕಾಫಿ ಕೊಯ್ಲಿಗೇ ಬರೆದ ಹಾಗಿದೆ.

ನಮ್ಮಲ್ಲಿ ಈಗ 23ರ ಸಂಜೆಯೇ ಲೆಕ್ಕ ಚುಕ್ತಾ. ಮೇಸ್ತ್ರಿ ಕೈಗೆ ಒಟ್ಟು ಕೊಟ್ಟು ಕೈತೊಳೆದುಕೊಳ್ಳುವುದಿಲ್ಲ, ಒಬ್ಬೊಬ್ಬರ ಕೈಗೂ ಕೊಡುತ್ತೇವೆ. ಅಸ್ಸಾಂ, ಜಾರ್ಖಂಡ್ ಕಡೆಯಿಂದ ಬಂದವರಲ್ಲಿ ಕ್ರೈಸ್ತರೂ ಇದ್ದಾರೆ, ಎಷ್ಟೋ ಮಾಲೀಕರಿಗೆ ಅದೇ ಗೊತ್ತಿಲ್ಲ. ಅವರಿಗೆ 25ಕ್ಕೆ ರಜೆ ಕೊಡಿ, ಚರ್ಚಿಗೆ ಹೋಗಲು ಜೀಪ್ ಕೊಡಿ. ನಿಮ್ಮ ಯಜಮಾನರಿಗೂ ಇದನ್ನು ಓದಿಸಿ ಅಕ್ಕ. ಮಕ್ಕಳು ನೋಡಿ ಕಲಿಯುವುದು ಇದನ್ನೇ.

ಪೊನ್ನಂಪೇಟೆಯವ

ನಾನು ಕೊಡವ, ಕ್ರೈಸ್ತ ಅಲ್ಲ, ಸುಮ್ನೆ ಓದುತ್ತಿದ್ದೆ. ನಮ್ಮ ಸುಗ್ಗಿ ಹಬ್ಬ ಪುತ್ತರಿಗೂ ಈಗ ಪಟಾಕಿ ಖರ್ಚು ಜಾಸ್ತಿಯಾಗಿದೆ, ಗದ್ದೆಯಲ್ಲಿ ಕದಿರು (ಭತ್ತದ ತೆನೆ) ತೆಗೆಯುವವರಿಗಿಂತ ಫೋಟೋ ತೆಗೆಯುವವರೇ ಹೆಚ್ಚು. ಒಂದು ವಿನಂತಿ ಮಾತ್ರ. ಏನು ಬೇಕಾದರೂ ಕಡಿಮೆ ಮಾಡಿ, ಪಕ್ಕದ ಮನೆಗೆ ಕುಸ್ವಾರ್ ತಟ್ಟೆ ಕಳಿಸುವುದನ್ನು ನಿಲ್ಲಿಸಬೇಡಿ. ನಮಗೆ ನೆವ್ರಿ, ಆ ಸಿಹಿ ಕಡುಬು, ಸಿಗುವುದು ವರ್ಷಕ್ಕೊಮ್ಮೆ.

ಸಿದ್ದಾಪುರದವಳು

ಎಲ್ಲರಿಗೂ ಥ್ಯಾಂಕ್ಸ್. ಪೊನ್ನಂಪೇಟೆಯವರೇ, ನೆವ್ರಿಗೆ ಏನೂ ಆಗುವುದಿಲ್ಲ, ಅತ್ತೆ ಇರುವವರೆಗೂ ಅದಕ್ಕೆ ಕೈಹಾಕುವ ಧೈರ್ಯ ನನಗಿಲ್ಲ.

ಬಟವಾಡೆ ಮಾತು ಯಜಮಾನರಿಗೆ ಓದಿ ಹೇಳಿದೆ. ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ, ಆಮೇಲೆ "ಅರ್ಧ ಈಗ, ಅರ್ಧ ಜನವರಿಗೆ ಅಂತಿದ್ದೆ" ಅಂದರು. ಈಗ ಪೂರ್ತಿ ಕೊಡುವುದು ಅಂತ ಮಾತಾಗಿದೆ. ಅದಕ್ಕೆ ದುಡ್ಡು ಹೊಂದಿಸಬೇಕಾದರೆ ಗಿಫ್ಟ್ ತಾನಾಗಿಯೇ ಕಡಿಮೆಯಾಗುತ್ತದೆ, ಬೇರೆ ಉಪಾಯ ಬೇಕಿಲ್ಲ. ನಾದಿನಿಗೆ ಫೋನ್ ಮಾಡಿ ಇದೇ ಕಾರಣ ಹೇಳಿದೆ. ಅವಳು, "ಅಬ್ಬಾ, ನೀವೇ ಹೇಳಿದಿರಲ್ಲ ಅತ್ತಿಗೆ, ನಾನೂ ಕ್ರೆಡಿಟ್ ಕಾರ್ಡಿನಲ್ಲೇ ತರುತ್ತಿದ್ದೆ" ಅಂದಳು!

ಮಗನಿಗೆ ಕಾರು ಒಂದು ಬರುತ್ತದೆ, 6ನೇ ತಾರೀಕಿಗೆ. ಹುಲ್ಲಿನ ವಿಷಯ ಮಕ್ಕಳಿಗೆ ಇನ್ನೂ ಹೇಳಿಲ್ಲ. ಟೀಚರ್, ಒಂದು ಡೌಟು. ಮಗಳಿಗೆ ನಾಲ್ಕು ವರ್ಷ, ಅವಳು ಸುಮ್ನೆ ಹಿಡಿ ಹಿಡಿ ಹುಲ್ಲು ತುಂಬಿಬಿಟ್ಟರೆ?

ವಿರಾಜಪೇಟೆ ಟೀಚರ್

ತುಂಬಲಿ ಬಿಡಿ ಅಕ್ಕ. ಅಣ್ಣನಿಗೆ ಲೆಕ್ಕ ಇಡಲು ಮಾತ್ರ ಹೇಳಬೇಡಿ, ಜಗಳ ಶುರುವಾಗುತ್ತದೆ.