ಎಲೆ ನೋಡದೇ ರೇಸ್ ಮಾಡುವವನ ಎದುರು ಎಕ್ಕದ ಜೋಡಿ ಬಂದರೆ ಹೇಗೆ ಆಡಬೇಕು?

ಉಣಕಲ್ ಹುಡುಗ, ಹುಬ್ಬಳ್ಳಿ:

ಎಲ್ಲರಿಗೂ ನಮಸ್ಕಾರ. ನಾವು ಆರು ಜನ ಭಾನುವಾರ ಮಧ್ಯಾಹ್ನ ಕೇಶ್ವಾಪುರದಲ್ಲಿ ಗೆಳೆಯನ ಮನೆಯಲ್ಲಿ ಸೇರಿ ಟೆಕ್ಸಾಸ್ ಹೋಲ್ಡೆಮ್ ಪೋಕರ್ ಆಡುತ್ತೇವೆ, ಒಬ್ಬೊಬ್ಬರ ಕೈಯಲ್ಲಿ ಎರಡು ಎಲೆ, ನಡುವೆ ಎಲ್ಲರಿಗೂ ಸೇರಿದ ಐದು ಎಲೆ. ದುಡ್ಡು ಇಡುವುದಿಲ್ಲ. ಮೊದಲು ನಮ್ಮಲ್ಲಿ ಇಬ್ಬರು ಮೊಬೈಲ್‌ನಲ್ಲಿ ದುಡ್ಡಿಟ್ಟು ಆಡುತ್ತಿದ್ದರು, 2025ರ ಆಗಸ್ಟ್‌ನಲ್ಲಿ ಕೇಂದ್ರದ ಕಾನೂನು ಬಂದಮೇಲೆ ಬಿಟ್ಟರು, ಅವರ ಮನೆಯವರಿಗೂ ನೆಮ್ಮದಿ. ಈಗ ಒಬ್ಬೊಬ್ಬರಿಗೆ 1000 ಚಿಪ್ಸ್, ಬ್ಲೈಂಡ್ (ಎಲೆ ಹಂಚುವ ಮೊದಲೇ ಇಬ್ಬರು ಇಡಲೇಬೇಕಾದ ಚಿಪ್ಸ್) 5 ಮತ್ತು 10. ಕೊನೆಗೆ ಸೋತವರು ಎಲ್ಲರಿಗೂ ಗಿರ್ಮಿಟ್, ಮಿರ್ಚಿ ತರಬೇಕು, ಅಷ್ಟೇ.

ತೊಂದರೆ ಏನೆಂದರೆ ನಮ್ಮ ಕಾಕಾನ ಮಗ. ನನಗಿಂತ ದೊಡ್ಡವನು, ಅಣ್ಣ ಅಂತಲೇ ಕರೆಯುತ್ತೇನೆ. ಆಟ ಶುರುವಾದರೆ ಎಲೆ ಮುಟ್ಟುವುದೇ ಇಲ್ಲ, ಸೀದಾ 80 ಎಸೆದು ರೇಸ್ ಮಾಡುತ್ತಾನೆ, ಅಂದರೆ ಪಂತ ಏರಿಸುತ್ತಾನೆ. ಹತ್ತರಲ್ಲಿ ಏಳು ಸಲ ಇದೇ.

ಎರಡು ವಾರದ ಹಿಂದೆ ನನಗೆ ಎರಡು ಎಕ್ಕ ಬಂದವು. ಅಣ್ಣ 80 ಅಂದ. ನಾನು ಅವನ ಎಡಕ್ಕೆ ಕೂತಿದ್ದೆ. ಎಲೆ ಜೋರಾಗಿದೆ ಅಂತ ಗೊತ್ತಾಗಬಾರದು ಎಂದು ಸುಮ್ನೆ ಕಾಲ್ ಮಾಡಿದೆ, ಅಂದರೆ ನಾನೂ ಅಷ್ಟೇ ಇಟ್ಟೆ. ನನ್ನ ಹಿಂದೆ ಇನ್ನೂ ಇಬ್ಬರು ಕಾಲ್ ಮಾಡಿದರು. ಫ್ಲಾಪ್‌ನಲ್ಲಿ (ನಡುವೆ ಮೊದಲು ತೆರೆಯುವ ಮೂರು ಎಲೆ) ಆಟೀನ್ ಒಂಬತ್ತು, ಆಟೀನ್ ಎಂಟು, ಕಳಾವರ್ ನಾಲ್ಕು. ಅಣ್ಣ 300 ಹಾಕಿದ, ನಾನು ಉಳಿದ 920 ಪೂರ್ತಿ ಇಟ್ಟೆ. ಕೊನೆಯಲ್ಲಿ ಕೂತವನು ಕಾಲ್ ಮಾಡಿದ, ಅಣ್ಣ ಎಲೆ ಬಿಟ್ಟ. ಆ ಕೊನೆಯವನ ಕೈಯಲ್ಲಿ ಒಂಬತ್ತು-ಎಂಟು, ಎರಡು ಜೋಡಿ. ನನ್ನ ಚಿಪ್ಸ್ ಎಲ್ಲ ಹೋದವು.

ಮುಂದಿನ ವಾರ ರಾಜನ ಜೋಡಿ ಬಂತು. ಈ ಸಲ ಬಿಡಬಾರದು ಎಂದು ಅಣ್ಣನ 80ಕ್ಕೆ ನೇರ ಆಲ್-ಇನ್ ಹೋದೆ, ಇದ್ದ ಚಿಪ್ಸ್ ಎಲ್ಲ ಇಟ್ಟೆ. ಆಗ ಮಾತ್ರ ಅವನು ಎಲೆ ಎತ್ತಿ ನೋಡಿ ಪ್ಯಾಕ್ ಮಾಡಿದ! ಬಂದದ್ದು 95 ಚಿಪ್ಸ್. ಹಾಗಾದರೆ ಯಾವುದು ಸರಿ? ತಿಳಿದವರು ಹೇಳಿ.

ಸಾಧನಕೇರಿ, ಧಾರವಾಡ:

ಎರಡರ ನಡುವಿನ ದಾರಿ ಇದೆ, ಅದನ್ನು ಹಿಡಿಯಿರಿ.

ಎಕ್ಕದ ಜೋಡಿ ಒಬ್ಬನೇ ಒಬ್ಬನ ಎದುರು, ಅವನ ಕೈಯಲ್ಲಿ ಯಾವ ಎರಡು ಎಲೆಯಾದರೂ ಇರಲಿ ಅಂದುಕೊಂಡರೆ, ನೂರಕ್ಕೆ ಸುಮಾರು 85 ಸಲ ಗೆಲ್ಲುತ್ತದೆ. ಇಬ್ಬರಾದರೆ 73. ಮೂವರಾದರೆ 64ಕ್ಕೆ ಇಳಿಯುತ್ತದೆ. ನಿಮ್ಮ ಎದುರು ಇದ್ದವರು ಮೂವರು. ನೀವು ಸೋತದ್ದು ಅಣ್ಣನ ಹುಚ್ಚಾಟದಿಂದ ಅಲ್ಲ, ಅವನ ಹಿಂದೆ ಒಂಬತ್ತು-ಎಂಟು ಹಿಡಿದುಕೊಂಡು ಒಳಗೆ ಬಂದವನಿಂದ. ಅವನನ್ನು ಒಳಗೆ ಬಿಟ್ಟದ್ದು ನಿಮ್ಮ ಆ ಸುಮ್ಮನೆ ಕಾಲ್.

ಅಣ್ಣ 80 ಅಂದರೆ ನೀವು 240-250 ಅನ್ನಿ. ಹಿಂದಿನವರಿಗೆ ಅದು ಭಾರ, ಒಂಬತ್ತು-ಎಂಟು ಇಟ್ಟುಕೊಂಡು 250 ಕೊಡುವವರು ಕಡಿಮೆ. ಅಣ್ಣನಿಗೆ ಮಾತ್ರ, ಆಗಲೇ 80 ಹಾಕಿರುವುದರಿಂದ, ಇನ್ನೊಂದಿಷ್ಟು ಹಾಕೋಣ ಅನಿಸುತ್ತದೆ. ಸಾವಿರ ಅಂದರೆ ಅವನೂ ಎಚ್ಚರ ಆಗುತ್ತಾನೆ, ಅದನ್ನು ನೀವೇ ನೋಡಿದಿರಿ.

ಫ್ಲಾಪ್‌ನಲ್ಲಿ ನೀವು ಪೂರ್ತಿ ಇಟ್ಟದ್ದು ತಪ್ಪಲ್ಲ. ಎರಡು ಆಟೀನ್ ಕೆಳಗಿದ್ದವು, ಒಂಬತ್ತು-ಎಂಟು ಅಕ್ಕಪಕ್ಕ. ಕೈಯಲ್ಲಿ ಇನ್ನೆರಡು ಆಟೀನ್ ಇದ್ದವನಿಗೆ ರಿವರ್ (ಐದನೇ, ಕೊನೆಯ ಎಲೆ) ಹೊತ್ತಿಗೆ ಕಲರ್ (ಒಂದೇ ಜಾತಿಯ ಐದು ಎಲೆ) ಆಗುವ ಸಾಧ್ಯತೆ ನೂರಕ್ಕೆ 35. ಅಂಥ ಕಡೆ ಮುಂದಿನ ಎಲೆಯನ್ನು ಬಿಟ್ಟಿ ನೋಡಲು ಬಿಡಬಾರದು. ಅದರ ಬಗ್ಗೆ ಕೊರಗಬೇಡಿ.

ಬೆಟಗೇರಿ, ಗದಗ:

ಮೇಲಿನವರು ಹೇಳಿದ ರೇಸ್ ಒಪ್ಪುತ್ತೇನೆ. ಆದರೆ ಇಬ್ಬರೇ ಉಳಿದಮೇಲೆ ಏನು ಮಾಡಬೇಕು ಅನ್ನುವುದು ಇನ್ನೂ ಮುಖ್ಯ, ಅಲ್ವಾ?

ನಿಮ್ಮ ಅಣ್ಣ ತೀನ್ ಪತ್ತಿ ಆಡಿ ಬೆಳೆದವರು ಅನಿಸುತ್ತದೆ. ನಮ್ಮ ಕಡೆ ದೀಪಾವಳಿಗೆ ಎಷ್ಟು ಮನೆಯಲ್ಲಿ ಆಡುತ್ತಾರೆ! ಅಲ್ಲಿ ಬ್ಲೈಂಡ್ ಆಡುವವನು (ಎಲೆ ನೋಡದವನು) ಸೀನ್ ಆದವನ (ಎಲೆ ನೋಡಿದವನ) ಅರ್ಧ ಕೊಟ್ಟರೆ ಸಾಕು, ಹಾಗಾಗಿ ಎಲೆ ನೋಡದೇ ಆಡುವುದಕ್ಕೆ ಅರ್ಥ ಇದೆ. ಪೋಕರ್‌ನಲ್ಲಿ ಆ ರಿಯಾಯಿತಿ ಇಲ್ಲ. ನೋಡಿದವನಿಗೂ 80, ನೋಡದವನಿಗೂ 80. ಅಣ್ಣ ಹಳೇ ರೂಢಿಯಲ್ಲೇ ಆಡುತ್ತಿದ್ದಾರೆ, ಅಷ್ಟೇ.

ಇಂಥವರು ತಾವೇ ಚಿಪ್ಸ್ ಹಾಕಲು ಹಿಂದೆಮುಂದೆ ನೋಡುವುದಿಲ್ಲ, ಆದರೆ ಇನ್ನೊಬ್ಬರು ಜೋರಾಗಿ ಹಾಕಿದರೆ ಬಿಟ್ಟುಬಿಡುತ್ತಾರೆ. ನಿಮ್ಮ ಎರಡೂ ಕಥೆಯಲ್ಲಿ ಅದೇ ಆಗಿದೆ. ಆದ್ದರಿಂದ ಇಬ್ಬರೇ ಇದ್ದಾಗ, ಕೆಳಗಿನ ಎಲೆಗಳು ಗುಲಾಮ, ಆರು, ಎರಡು, ಮೂರೂ ಬೇರೆ ಬೇರೆ ಜಾತಿ, ಹೀಗೆ ಒಂದಕ್ಕೊಂದು ಸಂಬಂಧ ಇಲ್ಲದಿದ್ದಾಗ, ನೀವು ರೇಸ್ ಮಾಡಬೇಡಿ, ಅವರು ಹಾಕಲಿ, ನೀವು ಕಾಲ್ ಮಾಡುತ್ತ ಹೋಗಿ, ಖಾಲಿ ಕೈಯಲ್ಲೂ ಅವರು ಮೂರು ಸಲ ಹಾಕುತ್ತಾರೆ. ಎಲೆಗಳು ಆಟೀನ್ ಒಂಬತ್ತು-ಎಂಟರ ಹಾಗೆ ಬಂದರೆ ಮಾತ್ರ ಆಗಲೇ ರೇಸ್ ಮಾಡಿ ಮುಗಿಸಿ.

ಅವರ ಎಡಗಡೆಯ ಜಾಗ ಬಿಟ್ಟುಕೊಡಬೇಡಿ. ಅವರು ಹೇಳಿದಮೇಲೆ ನೀವು ಹೇಳುತ್ತೀರಿ, ಅದೇ ದೊಡ್ಡ ಅನುಕೂಲ.

ಹಾನಗಲ್ ರಸ್ತೆ, ಹಾವೇರಿ:

ಒಂದು ಮಾತು ಯಾರೂ ಹೇಳಲಿಲ್ಲ. ಎಕ್ಕದ ಜೋಡಿ ಬರುವುದು 221 ಕೈಗೆ ಒಮ್ಮೆ. ಮನೆಯಲ್ಲಿ ಹರಟೆ ಹೊಡೆಯುತ್ತ, ಚಹಾ ಕುಡಿಯುತ್ತ ಆಡಿದರೆ ಗಂಟೆಗೆ 25 ಕೈ ಆದರೆ ಹೆಚ್ಚು. ಅಂದರೆ ಎಂಟೊಂಬತ್ತು ಗಂಟೆ ಕಾಯಬೇಕು! ಅಷ್ಟರಲ್ಲಿ ಆ ಅಣ್ಣ ನಿಮ್ಮ ಬ್ಲೈಂಡ್ ಎಲ್ಲ ತಿಂದಿರುತ್ತಾರೆ.

ಎಲೆ ನೋಡದೇ ಆಡುವವನ ಎದುರು ಒಳ್ಳೆಯ ಕೈ ಅನ್ನುವುದರ ಅಳತೆಯೇ ಬೇರೆ. ಹತ್ತರ ಜೋಡಿ ಯಾವುದೋ ಎರಡು ಎಲೆಯ ಎದುರು ನೂರಕ್ಕೆ 75 ಸಲ ಗೆಲ್ಲುತ್ತದೆ. ಎಕ್ಕ-ರಾಜ 65ರ ಮೇಲೆ. ಇವಕ್ಕೂ 250 ಹೇಳಿ. ಎಲೆ ನೋಡಿ ಆಡುವ ಎಚ್ಚರದ ಆಟಗಾರನ ಎದುರು ಇದನ್ನು ಮಾಡಬೇಡಿ, ಇವರ ಎದುರು ಮಾತ್ರ.

ಉಣಕಲ್ ಹುಡುಗ, ಹುಬ್ಬಳ್ಳಿ:

ಎಲ್ಲರಿಗೂ ತುಂಬಾ ಧನ್ಯವಾದ. ನಿನ್ನೆ ನೀವು ಹೇಳಿದ ಹಾಗೇ ಆಡಿದೆ. ರಾಣಿಯ ಜೋಡಿ ಬಂತು, ಅಣ್ಣ 80, ನಾನು 250. ಉಳಿದವರೆಲ್ಲ ಪ್ಯಾಕ್, ಅಣ್ಣ ಕಾಲ್. ಫ್ಲಾಪ್ ಹತ್ತು, ಐದು, ಎರಡು, ಮೂರೂ ಬೇರೆ ಜಾತಿ. ಅವನು 200 ಹಾಕಿದ, ಕಾಲ್. ಟರ್ನ್‌ನಲ್ಲಿ (ನಾಲ್ಕನೇ ಎಲೆ) ಮೂರು ಬಂತು, 300 ಹಾಕಿದ, ಕಾಲ್. ರಿವರ್‌ನಲ್ಲಿ ಎಕ್ಕ ಬಂತು. ಅವನು ಉಳಿದ 250 ಇಟ್ಟ.

ನನ್ನ ಕೈ ನಡುಗಿತು. ಎಕ್ಕ ಇದ್ದೇ ಇದೆ ಅನಿಸಿ ಬಿಟ್ಟುಬಿಟ್ಟೆ. ಅಣ್ಣ ಎಲೆ ತಿರುಗಿಸಿ ತೋರಿಸಿದ, ಒಂಬತ್ತು-ಏಳು. ಏನೂ ಇರಲಿಲ್ಲ. ರಾತ್ರಿ ನಿದ್ದೆ ಬರಲಿಲ್ಲ. ಎಕ್ಕ ಬಂದಮೇಲೂ ಕಾಲ್ ಮಾಡಬೇಕಿತ್ತಾ?

ಸಾಧನಕೇರಿ, ಧಾರವಾಡ:

ಹೌದು, ಮಾಡಬೇಕಿತ್ತು. ಲೆಕ್ಕ ಹಾಕಿ. ಮೊದಲು ಇಬ್ಬರದೂ 250, ಬ್ಲೈಂಡ್ 15, ಒಟ್ಟು 515. ಫ್ಲಾಪ್‌ನಲ್ಲಿ 400, ಟರ್ನ್‌ನಲ್ಲಿ 600 ಸೇರಿ 1515. ಅದರ ಮೇಲೆ ಅವರ 250. ನಡುವೆ 1765 ಬಿದ್ದಿದೆ, ನೀವು ಕೊಡಬೇಕಾದದ್ದು 250 ಮಾತ್ರ. ಇಂಥ ಜಾಗದಲ್ಲಿ ಎಂಟಕ್ಕೆ ಒಂದು ಸಲ ಗೆದ್ದರೂ ನಷ್ಟ ಇಲ್ಲ. ಖಾಲಿ ಕೈಯಲ್ಲಿ ಮೂರೂ ಸಲ ಹಾಕುವ ಮನುಷ್ಯ, ಎಕ್ಕ ಬಂದರೆ ನೀವು ಹೆದರುತ್ತೀರಿ ಎಂದು ಅವರಿಗೂ ಗೊತ್ತು.

ರಿವರ್‌ವರೆಗೆ ನೀವು ಆಡಿದ್ದು ಒಂದೂ ತಪ್ಪಿಲ್ಲ. ಮುಂದಿನ ಸಲ ಟರ್ನ್‌ನಲ್ಲಿ ಕಾಲ್ ಮಾಡುವಾಗಲೇ, ಕೊನೆಗೆ ಇಷ್ಟು ಉಳಿಯುತ್ತದೆ, ಅದನ್ನೂ ಕೊಡುತ್ತೇನೆ ಎಂದು ಮನಸ್ಸಿನಲ್ಲಿ ಗಟ್ಟಿ ಮಾಡಿಕೊಳ್ಳಿ. ಆಮೇಲೆ ಯಾವ ಎಲೆ ಬಂದರೂ ಕೈ ನಡುಗುವುದಿಲ್ಲ. ಭಾನುವಾರ ಏನಾಯಿತು ಬರೆಯಿರಿ.